ಒದೆಯಲೊಲ್ಲದ ಡಿಫೆಂಡರ್, ತಳ ಹಿಡಿದ ಅನ್ನ

ಸಿಟ್ಟು ಮಾಡಿಕೊಳ್ಳಲು ನ್ಯೂಜಿಲೆಂಡಿನಷ್ಟು ಅನನುಕೂಲವಾದ ದೇಶ ಇನ್ನೊಂದಿರಲಾರದು. ಮೈಸೂರಿನಲ್ಲಾದರೆ ನಾವು ಸಿಟ್ಟಾದರೆ ಎದುರಿನವನೂ ಸಿಟ್ಟಾಗುತ್ತಾನೆ, ದಾರಿಹೋಕರು ನಿಂತು ಪಂಚಾಯಿತಿ ಮಾಡುತ್ತಾರೆ, ಒಟ್ಟಿನಲ್ಲಿ ಸಿಟ್ಟಿಗೆ ಒಂದು ಮರ್ಯಾದೆ ಸಿಗುತ್ತದೆ. ಇಲ್ಲಿ ಹಾಗಲ್ಲ. ನೀವು ಕೆಂಡದಂಥ ಮುಖ ಮಾಡಿಕೊಂಡು ನಿಂತರೆ ಎದುರಿನವನು "ನೋ ವರೀಸ್ ಮೇಟ್" ಎಂದು ನಕ್ಕು ಹೊರಟುಬಿಡುತ್ತಾನೆ. ಈ ದೇಶದವರು ತಮ್ಮನ್ನು ತಾವೇ 'ಕಿವಿ' ಎಂದು ಕರೆದುಕೊಳ್ಳುತ್ತಾರೆ. ಹೆಸರೇನೋ ಕಿವಿ, ಆದರೆ ನಮ್ಮ ದೂರು ಮಾತ್ರ ಕೇಳಿಸುವುದಿಲ್ಲ. ನಾನಿರುವ ಪಾಮರ್ಸ್ಟನ್ ನಾರ್ತ್ ಊರಂತೂ ಚಪಾತಿ ಮಣೆಯ ಹಾಗೆ ಸಪಾಟು. ಜನರ ಸ್ವಭಾವವೂ ಅಷ್ಟೇ ಸಪಾಟು. ಇಲ್ಲಿಯ ಯೂನಿವರ್ಸಿಟಿಯಲ್ಲಿ ಮಣ್ಣು ಪರೀಕ್ಷೆ ಮಾಡಿಕೊಂಡಿರುವ ನಾನು, ಸಿಟ್ಟನ್ನೂ ಮಣ್ಣಿನ ಸ್ಯಾಂಪಲ್ಲಿನ ಹಾಗೆ ಡಬ್ಬಿಯಲ್ಲಿ ಹಾಕಿ ಮುಚ್ಚಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ.

ಆ ಡಬ್ಬಿಯ ಮುಚ್ಚಳ ತೆಗೆದವನು ರಾಮೋನ್. ಸ್ಪೇನಿನ ವೆಲೆನ್ಸಿಯಾ ಕಡೆಯ ಹುಡುಗ, ಫುಟ್‌ಬಾಲ್ ಆಟಗಾರ, ಅದರಲ್ಲೂ ಡಿಫೆಂಡರ್. ನನ್ನ ಮಗಳು ಸಿಂಚನಾ ಆಡುವ ಕ್ಲಬ್ಬಿನವರು ತಮ್ಮ ದೊಡ್ಡವರ ತಂಡಕ್ಕೆಂದು ಅವನನ್ನು ಅಲ್ಲಿಂದ ಕರೆಸಿಕೊಂಡಿದ್ದರು. ಸೀಸನ್ ಮುಗಿಯುವ ತನಕ ಅವನಿಗೆ ರೂಮು ಕೊಡುವವರು ಯಾರಾದರೂ ಇದ್ದೀರಾ ಎಂದು ಕ್ಲಬ್ಬಿನ ಮೀಟಿಂಗಿನಲ್ಲಿ ಕೇಳಿದಾಗ ಇಡೀ ಸಭೆ ತಲೆಯೆತ್ತಿ ಚಾವಣಿ ನೋಡಿತು. ನಾನೂ ಚಾವಣಿಯನ್ನೇ ನೋಡುತ್ತಿದ್ದೆ. ಕೆಳಗೆ ನೋಡುವಷ್ಟರಲ್ಲಿ ನನ್ನ ಹೆಂಡತಿ ವಸುಧಾ ಕೈ ಎತ್ತಿಯಾಗಿತ್ತು. ಅವಳು ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸು. ಯಾರಿಗೋ ಕಷ್ಟ ಎಂದರೆ ಅವಳ ಕೈ ತಾನಾಗಿಯೇ ಮೇಲೇಳುತ್ತದೆ. ಅವಳ ಡ್ಯೂಟಿಗೆ ಹೊತ್ತುಗೊತ್ತಿಲ್ಲದ ಕಾರಣ ನಮ್ಮ ಮನೆಯಲ್ಲಿ ಅಡುಗೆ ನನ್ನದು. ಹೀಗಾಗಿ ಕೈ ಎತ್ತಿದವಳು ಅವಳು, ಸೌಟು ಎತ್ತಬೇಕಾದವನು ನಾನು.

ಬಂದ. ಆರಡಿ ಎತ್ತರ, ಕಪ್ಪು ಗಡ್ಡ, ಬಾಗಿಲಲ್ಲೇ ಶೂ ಬಿಚ್ಚಿಟ್ಟು ನಮಸ್ಕಾರ ಮಾಡಿದ. ಸಿಂಚನಾಳ ಗೆಳತಿಯರು ಕರೆಯುವುದನ್ನು ಕೇಳಿ ಒಂದೇ ವಾರದಲ್ಲಿ ನನ್ನನ್ನು 'ಅಂಕಲ್' ಎನ್ನತೊಡಗಿದ. ಅವನ ಗಡ್ಡಕ್ಕೂ ಆ ಅಂಕಲ್ಲಿಗೂ ಸ್ವಲ್ಪವೂ ಹೊಂದಾಣಿಕೆ ಇರಲಿಲ್ಲ. ಇರಲಿ, ಅದನ್ನೂ ನುಂಗಿಕೊಂಡೆ. ಮೊದಲ ಶನಿವಾರದ ಮ್ಯಾಚಿಗೆ ಮನೆಮಂದಿಯೆಲ್ಲ ಹೋದೆವು. ನನಗೆ ತಿಳಿದ ಆಟ ಕ್ರಿಕೆಟ್ಟು. ಆದರೂ ಡಿಫೆಂಡರ್ ಎಂದರೆ ಕಾವಲುಗಾರ, ಕಳ್ಳ ಬಂದರೆ ಓಡಿಸುವವನು ಎಂಬಷ್ಟು ಜ್ಞಾನ ಇತ್ತು. ಚೆಂಡು ನಮ್ಮ ಗೋಲಿನ ಹತ್ತಿರ ಬಂತು. ಎದುರು ತಂಡದ ಇಬ್ಬರು ಗೂಳಿಗಳ ಹಾಗೆ ನುಗ್ಗಿಬಂದರು. ಅಂಚಿನಲ್ಲಿ ನಿಂತಿದ್ದ ಕೋಚ್ ಬ್ರೂಸ್, ವಾರವೆಲ್ಲ ಟ್ರ್ಯಾಕ್ಟರ್ ಮಾರಿ ಶನಿವಾರ ಕೋಚ್ ಆಗುವ ಭಾರೀ ಮನುಷ್ಯ, "ಗೆಟ್ ರಿಡ್ ಆಫ್ ಇಟ್!" ಎಂದು ಕೂಗಿದ. ಒದ್ದು ಬಿಸಾಕು ಎಂದರ್ಥ. ರಾಮೋನ್ ಏನು ಮಾಡಿದ ಗೊತ್ತೇ? ಚೆಂಡನ್ನು ಅಂಗಾಲಿನ ಕೆಳಗೆ ಒತ್ತಿಹಿಡಿದು, ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುವವನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದ! ಆಮೇಲೆ ಪಕ್ಕದವನಿಗೆ ಮೆಲ್ಲಗೆ ತಳ್ಳಿದ. ಪಕ್ಕದವನು ಹಾವು ಕಂಡವನ ಹಾಗೆ ಹೌಹಾರಿ ಅದನ್ನು ಆಕಾಶಕ್ಕೆ ಒದ್ದ. ಆಟವಿಡೀ ಇದೇ ಕಥೆ. ಹನ್ನೊಂದನೇ ಬ್ಯಾಟ್ಸ್‌ಮನ್ ಬಂದು ಕೊನೇ ಓವರಿನಲ್ಲಿ ಲೇಟ್ ಕಟ್ ಆಡಿದರೆ ಹೇಗಿರುತ್ತದೋ ಹಾಗೆ. "ಒದಿಯೋ ಮಾರಾಯ, ಒದಿ!" ಎಂದು ನಾನೂ ಬ್ರೂಸನ ಜೊತೆ ಸೇರಿ ಕೂಗಿದೆ. ಸಿಂಚನಾ ನಾಲ್ಕು ಹೆಜ್ಜೆ ಆಚೆ ಸರಿದು, "ಅಪ್ಪಾ, ಪ್ಲೀಸ್, ಡೋಂಟ್" ಎಂದಳು.

ಮೈದಾನದ ಸಿಟ್ಟು ಮೈದಾನಕ್ಕೇ ಮುಗಿಯಲಿ ಎಂದರೆ ಅದು ಅಡುಗೆಮನೆಗೂ ಬಂತು. ಒಂದು ಭಾನುವಾರ ಬಿಸಿಬೇಳೆಬಾತ್ ಮಾಡಿದೆ. ಮೈಸೂರಿಂದ ತರಿಸಿದ ಪುಡಿ, ಮೇಲೆ ತುಪ್ಪ, ಗೋಡಂಬಿ. ರಾಮೋನ್ ಎರಡು ತಟ್ಟೆ ತಿಂದ. ಬೆರಳೂ ನೆಕ್ಕಿದ. ನಾನು ಹೊಗಳಿಕೆಗೆ ಸಿದ್ಧನಾಗಿ ನಿಂತಿದ್ದೆ. ಅವನು ಬಹಳ ಮರ್ಯಾದೆಯಿಂದ ಕೇಳಿದ:

"ತುಂಬಾ ರುಚಿ ಅಂಕಲ್. ಆದ್ರೆ ಈ ಅಕ್ಕೀನ ಯಾಕೆ ಕೊಂದ್ರಿ?"

"ಕೊಂದೆನಾ?"

"ಒಂದು ಕಾಳೂ ಬದುಕಿಲ್ಲ, ನೋಡಿ."

ಅನ್ನ ಬೇಳೆ ಒಂದಕ್ಕೊಂದು ಕರಗಿ ಹೋಗುವುದೇ ಆ ಪದಾರ್ಥದ ಜೀವ ಎಂದು ನಾನು ಅವನಿಗೆ ಹೇಗೆ ಹೇಳಲಿ? ಹೇಳಿದೆ, ಬಿಡಲಿಲ್ಲ. ಅವನು ಕೇಳಿಸಿಕೊಂಡು ಮುಂದಿನ ಭಾನುವಾರ ತಾನು ಅನ್ನ ಮಾಡಿ ತೋರಿಸುವುದಾಗಿ ಹೇಳಿದ. ಪಯೇಯಾ ಅಂತ ಅವರ ಕಡೆಯ ಅನ್ನ. ಅಗಲವಾದ ಕಾವಲಿಯಂಥ ಪಾತ್ರೆಯಲ್ಲಿ ಮಾಡುತ್ತಾರೆ. ನಾವು ಸಸ್ಯಾಹಾರಿಗಳಾದ ಕಾರಣ ನಮಗೆ ಬೀನ್ಸು, ಟೊಮೆಟೊ ಹಾಕಿಯೇ ಮಾಡಿದ, ಆದರೆ ಕೋಳಿ ಮೊಲ ಇಲ್ಲದ್ದಕ್ಕೆ ಪಯೇಯಾ ಎಂದು ಕರೆಯಲು ಸುತರಾಂ ಒಪ್ಪಲಿಲ್ಲ. "ಇದಕ್ಕೆ ಹೆಸರಿಲ್ಲ. ತಿನ್ನಿ" ಎಂದ. ಮಾಡುವಾಗ ನಾನು ಪಕ್ಕದಲ್ಲೇ ಇದ್ದೆ. ಅವನು ಸೌಟು ಮುಟ್ಟಲಿಲ್ಲ, ಕದಡಲಿಲ್ಲ. ತಳದಿಂದ ಚಟಚಟ ಸದ್ದು ಬಂತು, ವಾಸನೆಯೂ ಬಂತು. "ಸೀದುಹೋಗ್ತಿದೆ ಕಣೋ!" ಎಂದು ಕೈ ಚಾಚಿದರೆ ನನ್ನ ಕೈಯನ್ನೇ ಹಿಡಿದುಕೊಂಡ. ಸೀಯಬೇಕಂತೆ! ಆ ತಳ ಹಿಡಿದದ್ದೇ ಎಲ್ಲಕ್ಕಿಂತ ರುಚಿಯಂತೆ, ಮನೆಯವರು ಅದಕ್ಕಾಗಿ ಜಗಳ ಆಡುತ್ತಾರಂತೆ! ನಮ್ಮಲ್ಲಿ ಅನ್ನ ತಳ ಹಿಡಿದರೆ ಪಾತ್ರೆ ನೆನೆಹಾಕಿ, ಪಕ್ಕದ ಮನೆಗೆ ಗೊತ್ತಾಗದ ಹಾಗೆ ತಿಕ್ಕುತ್ತಾರೆ. ಇವನು ಅದನ್ನು ಕೆರೆದು ಅತಿಥಿಗೆ ಬಡಿಸುತ್ತಾನೆ. ಎಂಥಾ ಸಂಸ್ಕೃತಿ!

ಆವತ್ತು ಪಕ್ಕದ ಮನೆಯ ಟ್ರೂಸ್ ಆಂಟಿಯನ್ನೂ ಊಟಕ್ಕೆ ಕರೆದಿದ್ದೆವು. ಮದುವೆಯಾದ ಹೊಸದರಲ್ಲಿ ಹಾಲೆಂಡಿನಿಂದ ಹಡಗು ಹತ್ತಿ ಇಲ್ಲಿಗೆ ಬಂದ ಹಿರಿಯ ಹೆಂಗಸು. ನಮ್ಮಿಬ್ಬರ ಜಗಳ ಕೇಳಿ ನಕ್ಕು, ತಾವು ಬಂದ ಕಾಲದಲ್ಲಿ ಈ ದೇಶದಲ್ಲಿ ಆಲಿವ್ ಎಣ್ಣೆ ಔಷಧದ ಅಂಗಡಿಯಲ್ಲಿ ಸಿಗುತ್ತಿತ್ತು ಎಂದರು. ಸಣ್ಣ ಸೀಸೆಯಲ್ಲಿ, ಕಿವಿಗೆ ಹಾಕಿಕೊಳ್ಳಲಿಕ್ಕೆ. ಅಡುಗೆಗೆ ಎಂದರೆ ಅಂಗಡಿಯವನು ಗಾಬರಿಯಾಗಿದ್ದನಂತೆ. ರಾಮೋನ್ ಚಮಚ ಕೆಳಗಿಟ್ಟು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

"ಕಿವಿಗಾ? ಆಲಿವ್ ಎಣ್ಣೇನ ಕಿವಿಗಾ?"

"ಬೆಳ್ಳುಳ್ಳಿ ಹುರಿದ್ರೆ ಮನೆ ಓನರಮ್ಮ ನನ್ನ ಹಿತ್ತಲ ಶೆಡ್ಡಿಗೆ ಕಳಿಸ್ತಿದ್ಲು," ಎಂದರು ಟ್ರೂಸ್ ಆಂಟಿ. "ಚಳಿಗಾಲದಲ್ಲಿ ಕೋಟು ಹಾಕ್ಕೊಂಡು ಅಡುಗೆ ಮಾಡಿದ್ದೀನಿ."

ಅದಕ್ಕೆ ರಾಮೋನ್ ತನ್ನ ತಾತನ ಕಥೆ ಹೇಳಿದ. ತಾತ ಕೂಲಿಗೆಂದು ಜರ್ಮನಿಯ ಕಾರ್ಖಾನೆಗೆ ಹೋಗಿದ್ದಾಗ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಅಕ್ಕಿಯೇ ಹೆಚ್ಚಿತ್ತಂತೆ. ಅಲ್ಲಿ ಕೆಲಸಗಾರರಿಗೆ ಅನ್ನಕ್ಕೆ ಹಾಲು ಸಕ್ಕರೆ ಹಾಕಿ ಬಡಿಸಿದರಂತೆ. ತಾತ ಆ ತಟ್ಟೆಯನ್ನು ಮೇಜಿನ ಮೇಲೇ ಬಿಟ್ಟು ಎದ್ದುಹೋಗಿದ್ದನ್ನು ಮನೆಯಲ್ಲಿ ಇಂದಿಗೂ ಹೇಳುತ್ತಾರಂತೆ. ನಾನೂ ಬಿಡಲಿಲ್ಲ. ಈ ಊರಿಗೆ ಬಂದ ಹೊಸದರಲ್ಲಿ ನಾನು ಹಾಕಿದ ಒಗ್ಗರಣೆಗೆ ಸ್ಮೋಕ್ ಅಲಾರಂ ಹೊಡೆದುಕೊಂಡು, ಫ್ಲಾಟ್‌ಮೇಟ್ ಪಾಪ ಟವೆಲ್ ಸುತ್ತಿಕೊಂಡು ಬೀದಿಗೆ ಓಡಿದ್ದನ್ನು ಹೇಳಿದೆ. ವಸುಧಾ ಮೂವರ ಮುಖವನ್ನೂ ನೋಡಿ, "ಏನ್ರೀ ಇದು, ಊಟ ಮಾಡೋಕ್ ಕೂತಿದ್ದೀರೋ, ಕೇಸು ಹಾಕೋಕ್ ಕೂತಿದ್ದೀರೋ?" ಎಂದಳು.

ಅಷ್ಟರಲ್ಲಿ ಕ್ಲಬ್ಬಿನಿಂದ ಸಂದೇಶ ಬಂತು. ಸೀಸನ್ನಿನ ಕೊನೆಯ ಮ್ಯಾಚಿನ ದಿನ ಎಲ್ಲ ದೇಶಗಳ ಊಟದ ಸಮಾರಂಭ. ರಾಮೋನ್ ಪಯೇಯಾ ಮಾಡಬೇಕು, ನಾನು 'ಕರಿ' ಮಾಡಬೇಕು. ನನಗೆ ಮೈ ಉರಿಯಿತು. ಯಾವ ಕರಿ? ನಮ್ಮ ಮನೆಯಲ್ಲಿ ಸಾರು ಇದೆ, ಹುಳಿ ಇದೆ, ಗೊಜ್ಜು ಇದೆ, ಪಲ್ಯ ಇದೆ, ಕೂಟು ಇದೆ. ಕರಿ ಎಂಬುದನ್ನು ನಮ್ಮಜ್ಜಿ ಕಣ್ಣಲ್ಲೂ ನೋಡಿರಲಿಲ್ಲ. ಇದನ್ನೆಲ್ಲ ವಿವರವಾಗಿ ಬರೆದು ಕಳಿಸಿದೆ. "ನೋ ವರೀಸ್, ಯಾವ ಕರಿಯಾದರೂ ಪರವಾಗಿಲ್ಲ" ಎಂದು ಉತ್ತರ ಬಂತು.

ಅದೇ ವಾರ ರಾಮೋನ್ ಪ್ರಾಕ್ಟೀಸಿನಿಂದ ಮುಖ ಇಳಿಬಿಟ್ಟುಕೊಂಡು ಬಂದ. ತಂಡ ಸೋತು ಸೋತು ಪಟ್ಟಿಯ ತಳಕ್ಕೆ ಬಂದಿತ್ತು. ಕೊನೆಯ ಮ್ಯಾಚೂ ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು. ಚೆಂಡು ಬಂದರೆ ದೂರ ಒದೆಯಬೇಕು, ಇಲ್ಲವಾದರೆ ಮುಂದಿನ ವರ್ಷಕ್ಕೆ ಬೇರೆ ಕ್ಲಬ್ ನೋಡಿಕೊಳ್ಳಬೇಕು ಎಂದು ಬ್ರೂಸ್ ಹೇಳಿಬಿಟ್ಟಿದ್ದ. ಊರಿಗೆ ವಾಪಸು ಹೋಗೋಣವೆಂದರೆ ಅಲ್ಲಿ ಅವನ ಕ್ಲಬ್ಬೇ ಮುಚ್ಚಿತ್ತು, ಓರಗೆಯವರೆಲ್ಲ ಕೆಲಸ ಹುಡುಕಿಕೊಂಡು ಲಂಡನ್ನು, ಬರ್ಲಿನ್ನು ಎಂದು ಚದುರಿ ಹೋಗಿದ್ದರು.

"ಒಂದು ದಿನದ ಮಾತು. ಒದ್ದುಬಿಡಪ್ಪ," ಎಂದೆ.

ಅವನು ನನ್ನನ್ನೇ ನೋಡಿ ಕೇಳಿದ: "ನೀವು ಕರಿ ಮಾಡ್ತೀರಾ, ಅಂಕಲ್?"

"ಸಾಧ್ಯವೇ ಇಲ್ಲ."

"ಮತ್ತೆ?" ಎಂದು ಒಳಗೆ ಹೋದ.

ಆ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಶನಿವಾರ ಬಿಸಿಬೇಳೆಬಾತಿನ ದೊಡ್ಡ ಪಾತ್ರೆ ಹೊತ್ತು ಮೈದಾನಕ್ಕೆ ಹೋದೆ. ಮ್ಯಾಚು ಸರಿಸಮನಾಗಿ ನಡೆದು ಇನ್ನೇನು ಮುಗಿಯಬೇಕು, ಚೆಂಡು ಮತ್ತೆ ನಮ್ಮ ಗೋಲಿನ ಎದುರು ರಾಮೋನನ ಕಾಲಿಗೆ ಬಂತು. ಬ್ರೂಸ್ ಕೂಗಿದ. ಇಡೀ ಮೈದಾನ ಕೂಗಿತು. ಆಗ ನನ್ನ ಗಂಟಲಿನಿಂದ ನನಗೇ ತಿಳಿಯದ ಹಾಗೆ, "ಒದೀಬೇಡ ಕಣೋ! ಆಡು, ನಿನ್ನಾಟ ಆಡು!" ಎಂದು ಬಂತು. ಅವನು ಆಡಿದ. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆಳೆದ. ನುಗ್ಗಿಬಂದವನು ಗಾಳಿಗೆ ಒದ್ದು ಜಾರಿಬಿದ್ದ. ಎಂಥಾ ಚೆಂದ! ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಎರಡನೆಯವನು ಬಂದು ಚೆಂಡನ್ನು ಕಿತ್ತುಕೊಂಡು ಗೋಲಿಗೆ ಹೊಡೆದುಬಿಟ್ಟ.

ಸೋತೆವು. ಕೆಳಗಿನ ದರ್ಜೆಗೆ ಇಳಿದೆವು. ನಮ್ಮ ಊರಿನಲ್ಲಾದರೆ ಈ ಹೊತ್ತಿಗೆ ಕುರ್ಚಿಗಳು ಹಾರಾಡಬೇಕಿತ್ತು. ಇಲ್ಲಿ ಎಲ್ಲರೂ "ಅನ್‌ಲಕ್ಕಿ ಮೇಟ್" ಎಂದು ಅವನ ಭುಜ ತಟ್ಟಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರು. ಬೈಯದೆ ಬಿಟ್ಟರಲ್ಲ ಎಂದು ನನಗೆ ಇನ್ನೂ ಸಿಟ್ಟು. ಬೈಯಿಸಿಕೊಂಡಿದ್ದರೆ ಆ ಹುಡುಗನಿಗೆ ಅಷ್ಟಾದರೂ ಹಗುರವಾಗುತ್ತಿತ್ತು. ಅವನು ಮುಖ ತೊಳೆದುಕೊಂಡು, ಸೌದೆ ಒಲೆ ಹೊತ್ತಿಸಿ ಪಯೇಯಾಕ್ಕೆ ಕೂತ. ಅನ್ನ ಇನ್ನೇನು ಆಗಬೇಕು, ಬ್ರೂಸ್ ಸಮಾಧಾನ ಹೇಳಲೆಂದು ಹತ್ತಿರ ಬಂದವನು ವಾಸನೆ ನೋಡಿ, ಪಾಪ ಸಹಾಯವಾಗಲಿ ಎಂದು ಬಾರ್ಬೆಕ್ಯೂ ಮಗುಚುವ ದೊಡ್ಡ ಮೊಗಚೆಕಾಯಿ ಹಾಕಿ ಅನ್ನವನ್ನು ಕದಡಲು ಹೊರಟ.

"ನೋ!"

ಮೈದಾನವೇ ನಡುಗಿತು. ಇಡೀ ಸೀಸನ್ ದನಿ ಎತ್ತದ ಹುಡುಗ, ಸೋಲನ್ನು ಮೌನವಾಗಿ ನುಂಗಿದ ಹುಡುಗ, ಕಣ್ಣು ಕೆಂಪಗೆ ಮಾಡಿಕೊಂಡು ಎದ್ದು ನಿಂತಿದ್ದ. "ಟೀಮ್ ನಿಂದು, ಮೈದಾನ ನಿಂದು. ಅನ್ನ ನಂದು!" ಎಂದ. ಬಾಕಿಯದೆಲ್ಲ ಸ್ಪ್ಯಾನಿಷಿನಲ್ಲಿ ಬಂತು. ಅದು ಮುಗಿದಲ್ಲಿಂದ ನಾನು ಕನ್ನಡದಲ್ಲಿ ಶುರುಮಾಡಿದೆ. "ಏನಂತ ತಿಳ್ಕೊಂಡಿದ್ದೀರಿ ನೀವು ಅನ್ನ ಅಂದ್ರೆ? ಕರಿಯಂತೆ ಕರಿ!" ಎಂದು ಶುರುವಾದ ಮಾತು ಎಲ್ಲೆಲ್ಲಿಗೋ ಹೋಯಿತು. ವಸುಧಾ ಬಂದು ನನ್ನ ತೋಳು ಹಿಡಿದು, "ಸುಮ್ನಿರ್ರಿ, ಅವ್ರಿಗೇನೂ ಅರ್ಥ ಆಗ್ತಿಲ್ಲ" ಎಂದಳು. ಅರ್ಥವಾಗದಿದ್ದರೂ ಬ್ರೂಸ್ ಮೊಗಚೆಕಾಯಿ ಕೆಳಗಿಟ್ಟು, "ಸಾರಿ ಮೇಟ್" ಎಂದ. ಈ ಸಲ ಅದು ಬಾಯಿಮಾತಿನ ಸಾರಿ ಆಗಿರಲಿಲ್ಲ. ಒಲೆಯ ಪಕ್ಕದಲ್ಲೇ ಕೈಕಟ್ಟಿ ನಿಂತು, ಅನ್ನ ಇಳಿಸುವ ತನಕ ಬೇರೆ ಯಾರೂ ಹತ್ತಿರ ಬಾರದಂತೆ ತಾನೇ ಕಾದ. ಇನ್ನೊಂದು ಒಲೆಯ ಮೇಲೆ ನಮಗೆಂದು ಬೇರೆಯಾಗಿ ಮಾಡಿದ ಆ ಹೆಸರಿಲ್ಲದ ಅನ್ನದ ತಳ ಕೆರೆದು ರಾಮೋನ್ ನನ್ನ ತಟ್ಟೆಗೆ ಹಾಕಿದ. ತಿಂದೆ. ಅದು ರುಚಿಯಾಗಿತ್ತು ಎಂಬುದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನನ್ನ ಬಿಸಿಬೇಳೆಬಾತನ್ನು ಜನ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದು ಪಾತ್ರೆ ಖಾಲಿ ಮಾಡಿದ್ದರು. ಅದರ ಬಗ್ಗೆ ನಾನು ಮಾತಾಡಬಯಸುವುದಿಲ್ಲ.

ಬ್ರೂಸ್ ಕೊಟ್ಟ ಮಾತಿನಂತೆ ಮುಂದಿನ ವರ್ಷಕ್ಕೆ ಅವನನ್ನು ಇಟ್ಟುಕೊಳ್ಳಲಿಲ್ಲ. ಆದರೆ ಗೆದ್ದ ವೆಲ್ಲಿಂಗ್ಟನ್ ತಂಡದ ಕೋಚು ಊಟದ ಸಾಲಿನಲ್ಲಿ ನಿಂತಿದ್ದವನು, "ನಮ್ಮಲ್ಲಿ ಚೆಂಡು ನೆಲದ ಮೇಲೇ ಇರುತ್ತೆ, ಬರ್ತೀಯಾ?" ಎಂದು ಕೇಳಿದ್ದ. ರಾಮೋನ್ ವೆಲ್ಲಿಂಗ್ಟನ್ನಿಗೆ ಹೋದ. ಹೋಗುವಾಗ ಟ್ರೂಸ್ ಆಂಟಿ ಅವನನ್ನು ತಬ್ಬಿಕೊಂಡು ಅತ್ತರು. ನಾನು ಅಳಲಿಲ್ಲ, ಪುಳಿಯೋಗರೆ ಗೊಜ್ಜಿನ ಬಾಟಲಿ ಕೊಟ್ಟು, ಅನ್ನ ಚೆನ್ನಾಗಿ ಬೇಯಿಸಿಕೋ ಎಂದೆ.

ಮರುವರ್ಷ ಅವನ ಆಟ ನೋಡಲೆಂದೇ ಸಿಂಚನಾಳನ್ನು ಕರೆದುಕೊಂಡು ವೆಲ್ಲಿಂಗ್ಟನ್ನಿಗೆ ಹೋದೆ. ಪಕ್ಕದಲ್ಲಿ ಫ್ಲಾಸ್ಕು ಹಿಡಿದು ನಿಂತಿದ್ದ ಮುದುಕರೊಬ್ಬರು, ರಾಮೋನನ ಕಾಲಿಗೆ ಚೆಂಡು ಬಂದಾಗಲೆಲ್ಲ "ಒದಿ, ಒದಿ" ಎಂದು ಗೊಣಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಡಿಫೆಂಡರ್ ಎಂದರೆ ಏನು, ಆಟ ಹಿಂದಿನಿಂದ ಹೇಗೆ ಕಟ್ಟಿಕೊಂಡು ಬರಬೇಕು, ಚೆಂಡನ್ನು ಆಕಾಶಕ್ಕೆ ಒದೆಯುವುದು ಎಂಥ ಅನಾಗರಿಕ ಕೆಲಸ ಎಂದು ಅರ್ಧ ಮ್ಯಾಚು ಪೂರ್ತಿ ವಿವರಿಸಿದೆ. "ಅವನು ತಲೆ ಹೋದರೂ ಒದೆಯುವವನಲ್ಲ" ಎಂದೆ. ಅವರು ಟೀ ಕುಡಿಯುತ್ತಾ ತಾಳ್ಮೆಯಿಂದ ಕೇಳಿ, "ನೀವು ಯಾವ ತಂಡಕ್ಕೆ ಆಡ್ತಿದ್ರಿ?" ಎಂದು ಕೇಳಿದರು. ನಾನು ಮಣ್ಣು ಪರೀಕ್ಷೆ ಮಾಡುವವನು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಧಡ್ ಎಂದು ಸದ್ದಾಯಿತು. ರಾಮೋನ್ ಕಾಲೆತ್ತಿ ಬಾರಿಸಿದ ಚೆಂಡು ಬೇಲಿ ದಾಟಿ, ಮರ ದಾಟಿ, ಆಚೆ ಕಾರು ನಿಲ್ಲಿಸುವ ಜಾಗಕ್ಕೆ ಹೋಗಿ ಬಿತ್ತು. ಮುದುಕರು ನನ್ನ ಕಡೆ ತಿರುಗಲೂ ಇಲ್ಲ. ಅದು ಅವರ ದೊಡ್ಡತನ.

ಮ್ಯಾಚು ಮುಗಿದ ಮೇಲೆ ಓಡಿಬಂದು ನನ್ನನ್ನು ತಬ್ಬಿಕೊಂಡ ರಾಮೋನನನ್ನು ಕೇಳಿದೆ: "ಯಾಕೋ ಒದ್ದೆ?"

"ಒದೀಬೇಕಿತ್ತು ಅಂಕಲ್, ಒದ್ದೆ," ಎಂದು ಭುಜ ಹಾರಿಸಿ ನಕ್ಕ.

ವಾಪಸು ಬರುವಾಗ ಕಾರಿನಲ್ಲಿ ನಾನು ಆ ಒದೆತದ ಬಗ್ಗೆ ಗೊಣಗುತ್ತಲೇ ಇದ್ದೆ. ಸಿಂಚನಾಳೇ ಕೊನೆಗೆ, "ಬಟ್ ಅಪ್ಪಾ, ದೇ ವನ್!" ಎಂದಳು.

ಗೆದ್ದರಂತೆ! ಗೆಲ್ಲುವುದನ್ನು ನೋಡಲಿಕ್ಕೆ ಅಷ್ಟು ದೂರ ಯಾರು ಹೋಗುತ್ತಾರೆ?