ಹೋಟೆಲಿನಲ್ಲಿ ನಾನು ಕುಡಿಯದ ಬಟಾಣಿ ಸೂಪು

ನಮ್ಮ ಕಡೆ ಯಾರಾದರೂ ಎದುರಿಗೆ ಸಿಕ್ಕಿ "ಊಟ ಆಯ್ತಾ?" ಎಂದು ಕೇಳಿದರೆ "ಆಯ್ತು" ಎನ್ನುವುದು ವಾಡಿಕೆ. ಆಗಿರಲಿ, ಬಿಡಲಿ. ಕೇಳಿದವನಿಗೆ ಅದು ಬೇಕಾಗಿರುವುದಿಲ್ಲ, ಹೇಳಿದವನಿಗೆ ಸುಳ್ಳು ಹೇಳಿದೆ ಎನಿಸುವುದಿಲ್ಲ. ಒಳಗೆ ಚುರುಗುಟ್ಟುತ್ತಿರುವಾಗಲೂ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು "ಈಗ ತಾನೇ ಆಯ್ತು" ಎಂದವರಲ್ಲಿ ನಾನೂ ಒಬ್ಬ. ಇಂಥ ಸುಳ್ಳುಗಳನ್ನು ದೇವರು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ರಾಜಾಜಿನಗರದ ನಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಬಿಸಿಲು ಕಾಯಿಸುವುದೊಂದೇ ನನ್ನ ಉದ್ಯೋಗ. ಹಾಗೆ ಕೂತಾಗ ಆ ನಂಬಿಕೆ ನಿಲ್ಲುವುದಿಲ್ಲ. ಊಟದ ವಿಷಯದಲ್ಲಿ ನಾನು ಹೇಳಿದ ಒಂದು ಸುಳ್ಳಿಗಾಗಿ ನನ್ನ ಹೆಂಡತಿ ಗಿರಿಜ ವರ್ಷಗಟ್ಟಲೆ ಒಲೆಯ ಮುಂದೆ ನಿಂತಳು. ಅದು ಹಸಿ ಬಟಾಣಿ ಸೂಪಿನ ಸುಳ್ಳು.

ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದೆ. ನಟ್ಟು, ಬೋಲ್ಟು, ವಾಷರುಗಳ ಮೇಲೆ ನನಗೆ ಇದ್ದ ಅಧಿಕಾರ ಬೇರೆ ಯಾವುದರ ಮೇಲೂ ಇರಲಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರು ನಿವೃತ್ತರಾದಾಗ ದಂಡು ಪ್ರದೇಶದ ದೊಡ್ಡ ಹೋಟೆಲೊಂದರಲ್ಲಿ ಔತಣ ಏರ್ಪಾಡಾಯಿತು. ಗುಮಾಸ್ತರನ್ನೂ ಕರೆದರು. ನಾನು ಮದುವೆಯ ಕೋಟನ್ನು ಬಿಸಿಲಿಗೆ ಹಾಕಿ, ನುಸಿಗುಳಿಗೆಯ ವಾಸನೆ ಹೋಗಲಾಡಿಸಿ, ಡಬಲ್ ಡೆಕರ್ ಬಸ್ಸು ಹತ್ತಿ ಹೋದೆ. ಅಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು. ತಟ್ಟೆಯ ಎರಡೂ ಕಡೆ ಚಮಚಗಳು ಕವಾಯತಿಗೆ ನಿಂತಂತೆ ಮಲಗಿದ್ದವು. ಬಿಳಿಯ ಬಟ್ಟಲಿನಲ್ಲಿ ಹಸಿರು ಬಣ್ಣದ, ಗಂಜಿಯಂಥ ಪದಾರ್ಥ ಬಂತು. ನನ್ನ ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದ ರಂಗಪ್ಪ ಕಿವಿಯ ಹತ್ತಿರ ಬಂದು, "ಸಾರ್, ಬಟಾಣಿ ಸೂಪಂತೆ. ಆದ್ರೆ ಇವ್ರು ಎಲ್ಲಾ ಸೂಪಿಗೂ ಕೋಳಿ ಬೇಯಿಸಿದ ನೀರೇ ಹಾಕೋದು. ನೋಡ್ಕೊಳ್ಳಿ" ಎಂದ. ಹೇಳಿ ಅವನು ಮಾತ್ರ ಸುರ್ರೆಂದು ಕುಡಿದ. ನಾನು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೋಗಿದ್ದವನು. ಚಮಚವನ್ನು ಬಟ್ಟಲಿನಲ್ಲಿ ಸುತ್ತುಸುತ್ತಾಗಿ ಆಡಿಸಿದೆ, ಬಾಯಿಯವರೆಗೆ ತಂದು ಇಳಿಸಿದೆ, ಸಾಹೇಬರು ನೋಡಿದಾಗ ತುಟಿ ಚಪ್ಪರಿಸಿದೆ. ಆಮೇಲೆ ಬಂದ ಯಾವುದರ ಮೇಲೂ ನಂಬಿಕೆ ಹುಟ್ಟಲಿಲ್ಲ. ಒಂದು ತುಂಡು ಬ್ರೆಡ್ಡು ತಿಂದು ಭಾಷಣಗಳಿಗೆ ಚಪ್ಪಾಳೆ ತಟ್ಟಿ ಮನೆಗೆ ಬಂದೆ.

ಆಗಲೂ ಏನೂ ಕೆಟ್ಟಿರಲಿಲ್ಲ. ಗಿರಿಜ ಬಾಗಿಲು ತೆಗೆದವಳೇ, "ಕೈಕಾಲು ತೊಳ್ಕೊಂಡು ಬನ್ನಿ. ಅಲ್ಲೇನೂ ತಿಂದಿರಲ್ಲ ಅಂತ ಗೊತ್ತಿತ್ತು. ಅನ್ನ, ಸಾರು ಮುಚ್ಚಿಟ್ಟಿದೀನಿ" ಎಂದಳು. ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವಳ ಮೇಲೆ ನನಗೆ ಪ್ರೀತಿ ಬರಬೇಕಾಗಿತ್ತು. ಕೋಪ ಬಂತು. ಮದುವೆಯ ಕೋಟು ಹಾಕಿಕೊಂಡು ದೊಡ್ಡ ಹೋಟೆಲಿಗೆ ಹೋಗಿ ಬಂದ ಗಂಡಸು ಬಂದ ತಕ್ಷಣ ಸಾರನ್ನಕ್ಕೆ ಕೂರುವುದೇ?

"ಯಾರು ಹೇಳಿದ್ದು ತಿಂದಿಲ್ಲ ಅಂತ? ಹೊಟ್ಟೆ ಬಿರಿಯೋ ಹಾಗೆ ಆಗಿದೆ. ಬಟಾಣಿ ಸೂಪು ಕೊಟ್ರು ಕಣೇ, ಅಂಥದ್ದು ನಾನು ಹುಟ್ಟಿದಾಗಿಂದ ಕುಡಿದಿಲ್ಲ" ಎಂದೆ. ಕೊನೆಯ ಮಾತು ಮಾತ್ರ ನಿಜವಾಗಿತ್ತು.

"ಅಷ್ಟು ಚೆನ್ನಾಗಿತ್ತಾ?"

"ಅಷ್ಟು ಅಂದ್ರೆ? ನಾಲಿಗೆ ಮೇಲೆ ಇನ್ನೂ ಇದೆ ರುಚಿ."

ಹಸಿದುಕೊಂಡೇ ಮಲಗಿದೆ. ಮುಚ್ಚಿಟ್ಟ ಸಾರಿನ ಇಂಗಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಶಿಕ್ಷೆ ಅಲ್ಲಿಗೇ ಮುಗಿದಿದ್ದರೆ ನ್ಯಾಯವಾಗಿರುತ್ತಿತ್ತು.

ಗಿರಿಜ ನನ್ನ ಬಾಯಿಂದ ಹೊಗಳಿಕೆ ಕೇಳಿ ಅಭ್ಯಾಸವಾದ ಹೆಂಗಸಲ್ಲ. ಅಡುಗೆ ಚೆನ್ನಾಗಿದ್ದರೆ ನಾನು ಸುಮ್ಮನೆ ಉಣ್ಣುತ್ತಿದ್ದೆ, ಚೆನ್ನಾಗಿಲ್ಲದಿದ್ದರೆ ಬಾಯಿಬಿಡುತ್ತಿದ್ದೆ. ನಮ್ಮಪ್ಪನೂ ಹಾಗೆಯೇ. ಇಂಥ ಗಂಡ ಎಲ್ಲೋ ಒಂದು ಕಡೆ ಒಂದು ಪದಾರ್ಥವನ್ನು ಬಾಯ್ತುಂಬ ಹೊಗಳಿದನೆಂದರೆ, ಅದನ್ನು ತಾನೂ ಮಾಡಿ ಆ ಮಾತನ್ನು ತನ್ನದಾಗಿಸಿಕೊಳ್ಳಬೇಕೆಂದು ಅವಳಿಗೆ ಅನ್ನಿಸಿತು. ಚಳಿಗಾಲದಲ್ಲಿ ಬ್ಯಾಡರಹಳ್ಳಿ ಕಡೆಯ ಹೆಂಗಸರು ಬುಟ್ಟಿಗಳಲ್ಲಿ ಹಸಿ ಬಟಾಣಿ ಹೊತ್ತು ನಮ್ಮ ಬೀದಿಗೆ ಬರುತ್ತಿದ್ದರು. ಗಿರಿಜ ಸೆರಗು ತುಂಬ ಕೊಂಡಳು. ಮೊದಲ ಸಲದ ಸೂಪಿನಲ್ಲಿ ಸಾಸಿವೆ, ಕರಿಬೇವು ತೇಲುತ್ತಿದ್ದವು. ನಾನು ನಕ್ಕುಬಿಟ್ಟೆ.

"ಸೂಪಿಗೆ ಯಾರಾದ್ರೂ ಒಗ್ಗರಣೆ ಹಾಕ್ತಾರೇನೆ?"

"ಒಗ್ಗರಣೆ ಇಲ್ದೆ ಹೆಂಗ್ರೀ ಬಾಯಿಗಿಡೋದು?" ಎಂದು ಅವಳೂ ನಕ್ಕಳು. ಆಮೇಲೆ ಕೇಳಿದಳು: "ಅದು ಬಿಟ್ರೆ? ಅದೇ ರುಚಿ ಬಂದಿದೆಯಾ?"

ಅದೇ ರುಚಿ ಎಂದರೆ ಯಾವ ರುಚಿ? ನನಗೆ ಗೊತ್ತಿದ್ದರೆ ತಾನೇ. "ಬಂದಿದೆ" ಎಂದುಬಿಟ್ಟರೆ ದೊಡ್ಡ ಹೋಟೆಲಿನ ಸೂಪು ನಮ್ಮ ಅಡುಗೆಮನೆಯ ಸೂಪಿಗೆ ಸಮವಾಗಿ, ನನ್ನ ಕೋಟಿನ ಘನತೆ ಇಳಿದುಹೋಗುತ್ತದೆ ಎಂಬ ಹೆದರಿಕೆ. "ಇಲ್ಲ ಬಿಡು" ಎಂದೆ.

ಅದಾದ ಮೇಲೆ ಬಟಾಣಿ ಬಂದಾಗಲೆಲ್ಲ ಇದೇ ಕಥೆ. ಮುಚ್ಚಳ ಹಾಕಿ ಬೇಯಿಸಿದರೆ ಬಟಾಣಿ ಕಾಕಿ ಬಣ್ಣಕ್ಕೆ ತಿರುಗುತ್ತದೆ, ತೆರೆದಿಟ್ಟರೆ ಹಸಿರು ಉಳಿಯುತ್ತದೆ ಎಂದು ಕಂಡುಕೊಂಡಳು. ಎಳೆಯ ಸಿಪ್ಪೆಗಳನ್ನು ಎಸೆಯದೆ ಕುದಿಸಿ, ಆ ಸಿಹಿ ನೀರಿನಲ್ಲೇ ಕಾಳು ಬೇಯಿಸಿದಳು. ಒರಳಲ್ಲಿ ರುಬ್ಬಿ ನನ್ನ ಹಳೆಯ ಪಂಚೆಯ ತುಂಡಿನಲ್ಲಿ ಸೋಸಿದಳು. ಸಾಸಿವೆ ಹೋಗಿ ಬೆಣ್ಣೆ, ಮೆಣಸಿನ ಪುಡಿ ಬಂದವು. ಸೀಮೆಎಣ್ಣೆಗೆ ಕ್ಯೂ ನಿಲ್ಲುವ ಕಾಲದಲ್ಲಿ ನನ್ನ ಒಂದು ಬಟ್ಟಲು ಸೂಪಿಗೆ ಸ್ಟೋವು ಮಧ್ಯಾಹ್ನವೆಲ್ಲ ಭುಸುಗುಡುತ್ತಿತ್ತು. ನಾನು ನ್ಯಾಯಾಧೀಶನ ಹಾಗೆ ಒಂದು ಚಮಚ ಕುಡಿದು, ಕಣ್ಣು ಮುಚ್ಚಿ, ಇಲ್ಲದ ನೆನಪನ್ನು ನೆನೆದು, "ಹತ್ತಿರ ಬಂದಿದೆ. ಆದ್ರೆ ಏನೋ ಕಮ್ಮಿ" ಎನ್ನುತ್ತಿದ್ದೆ.

"ಏನು ಕಮ್ಮಿ ಅಂತ ಹೇಳಿದ್ರೆ ತಾನೆ ಹಾಕೋಕಾಗೋದು?"

"ಅದನ್ನ ಹೇಳೋಕೆ ಬರಲ್ಲ ಕಣೇ. ಕುಡಿದವರಿಗೇ ಗೊತ್ತು."

ಸೂಪು ಚೆನ್ನಾಗಿಯೇ ಇರುತ್ತಿತ್ತು. ತೀರ್ಪು ಕೊಟ್ಟಮೇಲೆ ಬಟ್ಟಲನ್ನು ಒರಗಿಸಿ ಕೊನೆಯ ಹನಿಯವರೆಗೂ ಕುಡಿಯುತ್ತಿದ್ದೆ. ಎದುರುಮನೆಯ ವಿಮಲಾ ಟೀಚರ್ ಹೈಸ್ಕೂಲಿನಲ್ಲಿ ಪಾಠ ಹೇಳುವವರು. ಅವರಿಗೂ ಒಂದು ಬಟ್ಟಲು ಹೋಗುತ್ತಿತ್ತು. ಒಂದು ದಿನ ಅವರು ಗೇಟಿನ ಹತ್ತಿರ ನನ್ನನ್ನು ಹಿಡಿದು ನಿಲ್ಲಿಸಿದರು.

"ಸಾರ್, ನಿಮ್ಮ ಮನೆಯವ್ರು ನನ್ನ ಹತ್ರ ಬಂದು ಏನ್ ಕೇಳ್ತಾರೆ ಗೊತ್ತಾ? ದೊಡ್ಡ ಹೋಟೆಲ್‌ನಲ್ಲಿ ಇದಕ್ಕೆ ಇನ್ನೇನು ಹಾಕ್ತಾರೆ ಅಂತ. ಒಂದ್ಸಲ ಚೆನ್ನಾಗಿದೆ ಅಂದ್ಬಿಡಿ ಸಾರ್. ನಿಮ್ಮ ಗಂಟೇನು ಹೋಗುತ್ತೆ?"

"ಹೇಳಿದ್ರೆ ಅಲ್ಲಿಗೇ ನಿಲ್ಲಿಸಿಬಿಡ್ತಾಳೆ ಟೀಚರ್. ಇನ್ನೂ ಸುಧಾರಿಸಲಿ ಅಂತ" ಎಂದೆ. ಟೀಚರ್ ನನ್ನನ್ನು ಒಮ್ಮೆ ನೋಡಿದರು. ಪರೀಕ್ಷೆಯಲ್ಲಿ ನಕಲು ಮಾಡಿದ ದೊಡ್ಡ ಹುಡುಗನನ್ನು ನೋಡುವ ಹಾಗಿತ್ತು ಆ ನೋಟ.

ನಾನು ನಿವೃತ್ತನಾದ ಮೇಲೆ ಗಿರಿಜಳ ಕಾಲುಗಳು ಊದಿಕೊಳ್ಳತೊಡಗಿದವು. ಡಾಕ್ಟರು ಮೂತ್ರಪಿಂಡದ ಕಾಯಿಲೆ ಎಂದರು, ಉಪ್ಪು ನಿಲ್ಲಿಸಿದರು. ಅವಳು ಎಲ್ಲರ ಅಡುಗೆಯನ್ನೂ ಸಪ್ಪಗೆ ಮಾಡಿ, ನನಗೂ ಮಗ-ಸೊಸೆಗೂ ಒಂದು ಬಟ್ಟಲಿನಲ್ಲಿ ಪುಡಿ ಉಪ್ಪು ಪಕ್ಕದಲ್ಲಿಡುತ್ತಿದ್ದಳು. ಆ ಚಳಿಗಾಲವೂ ಬಟಾಣಿ ಬಂತು. "ಬೇಡ ಕಣೇ, ಕೂತ್ಕೋ" ಎಂದೆ. ಕೇಳಲಿಲ್ಲ. ಕುರ್ಚಿ ಹಾಕಿಕೊಂಡು ಒಲೆಯ ಮುಂದೆ ಕೂತು ಮಾಡಿದಳು. ಈ ಸಲ ಏನೇ ಆಗಲಿ ಆ ಮಾತನ್ನು ಹೇಳಿಯೇ ಬಿಡಬೇಕೆಂದು ನಾನು ನಿಶ್ಚಯಿಸಿದ್ದೆ. ಒಳ್ಳೆಯವನಾಗುವ ಆತುರ ನೋಡಿ, ಚಮಚ ಬಾಯಿಗೆ ತಾಗುವ ಮೊದಲೇ, "ಇದೇ! ಥೇಟ್ ಅದೇ ರುಚಿ ಗಿರಿಜ. ಬಂದ್ಬಿಡ್ತು" ಎಂದೆ.

ಅವಳ ಮುಖ ಅರಳಿತು. ನಾನು ನೋಡಿದೆ, ಅರಳಿತು. ಆಮೇಲೆ ಅವಳ ಕಣ್ಣು ಮೆಲ್ಲಗೆ ನನ್ನ ತಟ್ಟೆಯ ಪಕ್ಕಕ್ಕೆ ಹೋಯಿತು. ಉಪ್ಪಿನ ಬಟ್ಟಲು ಮುಟ್ಟದೆ ಹಾಗೇ ಇತ್ತು.

"ನೀವು ಉಪ್ಪೇ ಹಾಕ್ಕೊಂಡಿಲ್ಲ" ಎಂದಳು.

ನನ್ನ ಕೈ ಉಪ್ಪಿನ ಬಟ್ಟಲಿನ ಕಡೆ ಹೋಯಿತು.

"ಅಲ್ಲಿ ನೀವು ಕುಡೀಲೇ ಇಲ್ಲ, ಅಲ್ವಾ?" ಧ್ವನಿಯಲ್ಲಿ ಕೋಪವಿರಲಿಲ್ಲ. ಕಳೆದುಹೋದ ಸೌಟನ್ನು ಎಲ್ಲಿಟ್ಟಿರಿ ಎಂದು ಕೇಳುವ ಹಾಗೆ ಕೇಳಿದಳು. ನಿಜ ಹೇಳುವುದಕ್ಕೆ ಬಾಗಿಲನ್ನು ಅವಳೇ ತೆರೆದು ಹಿಡಿದಿದ್ದಳು. ನಾನು ತಲೆ ತಗ್ಗಿಸಿ "ಹೌದು" ಎಂದು ಒಳಗೆ ಹೋಗಬೇಕಿತ್ತು, ಅಷ್ಟೆ. ನಾನು ಹೇಳಿದ್ದು ಇದು:

"ಕುಡಿದೆ ಕಣೇ. ಅಲ್ಲೂ ಉಪ್ಪು ಹಾಕಿರ್ಲಿಲ್ಲ."

ಗಿರಿಜ ನಕ್ಕಳು. ಕೆಮ್ಮು ಬರುವವರೆಗೂ ನಕ್ಕಳು. ಕಣ್ಣೊರೆಸಿಕೊಂಡು, "ಇರಬಹುದು. ದೊಡ್ಡ ಹೋಟೆಲು, ಮರೆತಿರ್ತಾರೆ" ಎಂದು ತಾನೇ ಒಂದು ಚಿಟಿಕೆ ಉಪ್ಪು ತೆಗೆದು ನನ್ನ ಬಟ್ಟಲಿಗೆ ಹಾಕಿ ಕಲಸಿದಳು. "ಈಗ ಕುಡೀರಿ" ಎಂದಳು. ಮತ್ತೆ ಹೇಗಿದೆ ಎಂದು ಕೇಳಲಿಲ್ಲ. ಅದಾದ ಮೇಲೆ ಯಾವತ್ತೂ, ಯಾವ ಅಡುಗೆಗೂ ಕೇಳಲಿಲ್ಲ. ಯುಗಾದಿಗೆ ಮೊದಲೇ ತೀರಿಕೊಂಡಳು.

ಈ ವರ್ಷ ಬಟಾಣಿ ಬಂದಾಗ ನಾನೇ ಕೊಂಡು ಬಂದೆ. ಮಗ ಕೆಲಸಕ್ಕೆ ಹೋಗಿದ್ದ. ಸೊಸೆ ಸುಮ ಟೆಲಿಫೋನ್ ಆಪರೇಟರ್, ಅವಳಿಗೆ ಮಧ್ಯಾಹ್ನದ ಪಾಳಿ. ನಾನು ಸ್ಟೋವು ಹಚ್ಚುವುದನ್ನು ನೋಡಿ, "ಮಾವ, ಸೀರೆ ಉಟ್ಕೊಂಡು ಬಂದು ನಾನೇ ಮಾಡ್ತೀನಿ, ಇರಿ" ಎಂದಳು. "ನೀನು ಹೋಗಮ್ಮ" ಎಂದೆ. ಸಿಪ್ಪೆಯ ನೀರು, ಮುಚ್ಚದ ಪಾತ್ರೆ, ಪಂಚೆಯ ತುಂಡು, ಎಲ್ಲ ಗಿರಿಜ ಮಾಡಿದಂತೆಯೇ ಮಾಡಿದೆ. ಎಂದೂ ಒಲೆ ಮುಟ್ಟದ ನನಗೆ ಸೂಪು ಮೊದಲ ಸಲವೇ ಬಂದುಬಿಟ್ಟಿತು. ಇದು ಕೆಡಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆ ಎಂದು ಆಗ ತಿಳಿಯಿತು. ಕೆಟ್ಟಿದ್ದರೆ, ಅದು ಕಷ್ಟದ ಅಡುಗೆ, ಏನೋ ಕಮ್ಮಿಯಾಗುವುದು ಸಹಜ ಎಂದಾದರೂ ಹೇಳಿಕೊಳ್ಳಬಹುದಾಗಿತ್ತು. ಬಟಾಣಿ, ನೀರು, ಬೆಣ್ಣೆ, ಮೆಣಸು. ಅದರಲ್ಲಿ ಕೆಡುವುದಕ್ಕೆ ಏನೂ ಇಲ್ಲ. ಗಿರಿಜಳಿಗೂ ಮೊದಲ ಸಲವೇ ಬಂದಿತ್ತು, ಸಾಸಿವೆ ಸಮೇತ.

ಸುಮ ಹೊರಡುವ ಗಡಿಬಿಡಿಯಲ್ಲಿದ್ದಳು. ಬಟ್ಟಲನ್ನು ಅವಳ ಕೈಗೆ ಕೊಟ್ಟೆ. ಕೊಟ್ಟು, ಅಡುಗೆಮನೆಯ ಬಾಗಿಲಿಗೆ ಒರಗಿ, ಸೌಟು ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತ ನಿಂತೆ. ಅವಳು ನಿಂತಲ್ಲೇ ಕುಡಿದಳು, ಬಟ್ಟಲು ಕೆಳಗಿಟ್ಟಳು, ಚಪ್ಪಲಿಗೆ ಕಾಲು ತೂರಿಸುತ್ತ, "ಚೆನ್ನಾಗಿದೆ ಮಾವ" ಎಂದಳು. ಅಷ್ಟು ಹೇಳುವುದಕ್ಕೆ ಅವಳಿಗೆ ಇನ್ನೊಂದು ಚಪ್ಪಲಿ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ.

ನನ್ನ ಕಿವಿ ಚುರುಕಾಗಿದೆ, ಸ್ಪಷ್ಟವಾಗಿ ಕೇಳಿಸಿತ್ತು. ಆದರೂ, ನಾಚಿಕೆಯಿಂದ ಹೇಳುತ್ತೇನೆ, ಕಿವಿಯ ಹಿಂದೆ ಕೈಯಿಟ್ಟುಕೊಂಡು, "ಏನಂದೆಯಮ್ಮ?" ಎಂದು ಕೇಳಿದೆ.