ಕಂಪ್ಯೂಟರ್ ಭಾವನ ಹೊಲಿಗೆ ಸಂಬಳ

ನಮ್ಮ ಭಾವನವರು ಹೊನ್ನಾಳಿಯ ಹೈಸ್ಕೂಲೊಂದರಲ್ಲಿ ಹೊಲಿಗೆ ಮೇಷ್ಟ್ರಾಗಿದ್ದರು. ಸೂಜಿಗೆ ದಾರ ಪೋಣಿಸಲು ಮಾತ್ರ ಅವರಿಗೆ ಬರುತ್ತಿರಲಿಲ್ಲ!

ತಪ್ಪು ಅವರದಲ್ಲ. ಎಂಬತ್ತರ ದಶಕದ ನಡುವೆ ಆ ಶಾಲೆಗೊಂದು ಕಂಪ್ಯೂಟರ್ ಬಂತು. ಅದನ್ನು ಮುಟ್ಟಲು ಹೆಡ್‌ಮಾಸ್ಟರಿಗೇ ಧೈರ್ಯವಿಲ್ಲ. ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಭಾವನನ್ನು ಕರೆತಂದರು. ಸರಿ, ಸಂಬಳ? ಕಂಪ್ಯೂಟರ್ ನೋಡಿಕೊಳ್ಳುವವನ ಹುದ್ದೆ ಯಾವ ಸರ್ಕಾರಿ ಪಟ್ಟಿಯಲ್ಲೂ ಇರಲಿಲ್ಲ. ಖಾಲಿಯಿದ್ದದ್ದು ಹೊಲಿಗೆ ಮೇಷ್ಟ್ರ ಜಾಗವೊಂದೇ. ಆಡಳಿತ ಮಂಡಳಿಯವರು ಅವರನ್ನು ಅದರಲ್ಲೇ ಕೂರಿಸಿದರು.

ಬೇರೆಯವರಾಗಿದ್ದರೆ ಸಂಬಳ ಎಣಿಸಿಕೊಂಡು ಸುಮ್ಮನಿರುತ್ತಿದ್ದರು. ನಮ್ಮ ಭಾವ ಬಿಟ್ಟಾರೆಯೇ? ಹೊಲಿಗೆಯ ಸಂಬಳ ತಿಂದಮೇಲೆ ಹೊಲಿಯಲೇಬೇಕೆಂದು ಹಟ ಹಿಡಿದರು. ಹಗಲೆಲ್ಲ ಕಂಪ್ಯೂಟರಿನ ಸೇವೆ. ಆ ಕೋಣೆಗೆ ಹೆಡ್‌ಮಾಸ್ಟರೂ ಕಾಲು ತೊಳೆದೇ ಬರಬೇಕು. ಸಂಜೆ ಅಕ್ಕನ ಹೊಲಿಗೆ ಮಿಷನ್ನಿನ ಮುಂದೆ ತಪಸ್ಸು. ಮೊದಲು ಕಂಪ್ಯೂಟರಿಗೊಂದು ಹೊದಿಕೆ ಹೊಲಿದರು. ಅವರಿಗೆ ಗೊತ್ತಿದ್ದ ಅಳತೆ ಅಂಗಿಯದೊಂದೇ ಆದ್ದರಿಂದ ಅದಕ್ಕೆ ಎರಡು ತೋಳು, ಐದು ಗುಂಡಿ! ಆಮೇಲೆ ನನಗೊಂದು ಪ್ಯಾಂಟು. ಎಡಗಾಲು ಎಷ್ಟು ಬಿಗಿಯೆಂದರೆ, ಕಂಡಕ್ಟರ್ ನನ್ನನ್ನು ಎತ್ತಿ ಬಸ್ಸಿನೊಳಗೆ ಇಳಿಸಬೇಕಾಯಿತು.

ಮರುವರ್ಷ ತನಿಖೆಗೆ ಅಧಿಕಾರಿ ಬರುವ ಸುದ್ದಿ ಬಂತು. ಹೊಲಿಗೆ ಒಪ್ಪಿಗೆಯಾಗದಿದ್ದರೆ ಹುದ್ದೆ ರದ್ದು. ಮನೆಗೆ ಬೇರೆ ಆಧಾರವಿಲ್ಲ. ತಾನು ಹೊಲಿದ ರವಿಕೆಗಳನ್ನೇ ತೋರಿಸಿರೆಂದು ಅಕ್ಕ ಬೇಡಿಕೊಂಡಳು.

“ನೀನು ಹೊಲಿದಿದ್ದಕ್ಕೆ ನಾನು ಸಂಬಳ ತಗಳಾಕೆ ಆಗ್ತೈತಾ?” ಎಂದರು ಭಾವ.

ಅಧಿಕಾರಿ ಕಂಪ್ಯೂಟರಿನ ತೋಳುಳ್ಳ ಹೊದಿಕೆಯನ್ನು ತಿರುಗಿಸಿ ತಿರುಗಿಸಿ ನೋಡಿ ಎರಡೇ ಸಾಲು ಬರೆದು ಹೋದರು: ಕಂಪ್ಯೂಟರ್ ನಿರ್ವಹಣೆ ಅತ್ಯುತ್ತಮ. ಹೊಲಿಗೆ ಶಿಕ್ಷಕರಿಗೆ ಹೊಲಿಗೆ ಬಾರದು.

ಹುದ್ದೆ ರದ್ದಾಯಿತು. ಅಕ್ಕ ಗಾಬರಿಯಾದಳು. ಆದರೆ ಒಂದನೇ ತಾರೀಖು ಭಾವ ಎಂದಿನಂತೆ ಹಣ ತಂದು ಅವಳ ಕೈಗಿಟ್ಟರು. ಮಂಡಳಿಯವರೇ ಕೊಡುತ್ತಿದ್ದಾರಂತೆ! ಅದಕ್ಕಾಗಿ ಸಂಜೆ ಮಕ್ಕಳಿಗೆ ವಿಶೇಷ ತರಗತಿಯಂತೆ, ಮನೆಗೆ ಬರುವುದು ತಡವಂತೆ. ಈಗ ಕಾಗದದ ಮೇಲೆ ಯಾವ ಮೇಷ್ಟ್ರು, ಡ್ರಿಲ್ಲೋ ಸಂಗೀತವೋ ಎಂದು ನಾನು ತಿಂಗಳುಗಟ್ಟಲೆ ಅವರನ್ನು ಕಾಡಿದೆ. ಅವರೂ ನಗುತ್ತಿದ್ದರು.

ಒಂದು ಸಂಜೆ ಭತ್ತದ ಧಾರಣೆ ವಿಚಾರಿಸಲು ನ್ಯಾಮತಿಯ ಮಂಡಿಗೆ ಹೋಗಿದ್ದೆ. ತುಂಬಿದ ಚೀಲಗಳ ನಡುವೆ ಭಾವ ಕೂತಿದ್ದರು. ಕೈಯಲ್ಲಿ ದಬ್ಬಣ, ಹುರಿ. ಚೀಲಗಳ ಬಾಯಿ ಹೊಲಿಯುತ್ತಿದ್ದರು. ನನ್ನನ್ನು ಕಂಡು ದಬ್ಬಣ ಬಚ್ಚಿಡಲು ನೋಡಿದರು.

“ಐದು ತಿಂಗಳಾತು, ಸ್ಕೂಲಿಂದ ಬಿಡಿಗಾಸಿಲ್ಲ. ನಿಮ್ಮಕ್ಕಂಗೆ ಹೇಳಬ್ಯಾಡ,” ಎಂದರು.

“ಮತ್ತೆ ಅಲ್ಲಿಗ್ಯಾಕೆ ಹೋಗ್ತೀರಿ ಭಾವಾ?”

“ನಾನು ಬಿಟ್ರೆ ಆ ರೂಮಿಗೆ ಬೀಗ ಬೀಳ್ತೈತೆ. ಮಕ್ಳು ಈಗಷ್ಟೇ ಕಲಿಯಾಕೆ ಶುರು ಮಾಡ್ಯಾರೆ.”

ಅಷ್ಟು ದಿನ ಅವರನ್ನು ಆಡಿಕೊಂಡಿದ್ದ ನನಗೆ ಅಳು ಬಂತು. ಅವರು ಹೊಲಿದಿಟ್ಟ ಚೀಲಗಳನ್ನು ನೋಡಿದೆ. ಒಂದು ಹೊಲಿಗೆಯೂ ಸೊಟ್ಟಗಿರಲಿಲ್ಲ. ಪಕ್ಕದ ಚೀಲದ ಬಾಯಿ ಕೂಡಿಸಿ, ಅವರತ್ತ ಹಿಡಿದು ಕೂತೆ.