ಮುಂದಿನ ಸೀಟಿನ ಫ್ರೆಂಚ್ ಹಾಡು

ನನಗೆ ಅರ್ಥವಾಗದ ಹಾಡುಗಳೇ ಹೆಚ್ಚು ಇಷ್ಟ. ಅರ್ಥವಾದ ಹಾಡಿನಲ್ಲಿ ಯಾರಾದರೂ ಅಳುತ್ತಿರುತ್ತಾರೆ, ಇಲ್ಲವೇ ಬುದ್ಧಿ ಹೇಳುತ್ತಿರುತ್ತಾರೆ. ಅರ್ಥವಾಗದ್ದರಲ್ಲಿ ನಾನು ನನ್ನ ಪಾಡಿಗೆ ಇರಬಹುದು. ಯಾವುದೋ ಸಿನಿಮಾಕ್ಕೆಂದು ಹಾಡಿದ ಒಂದು ಫ್ರೆಂಚ್ ರಾಕ್ ಹಾಡನ್ನು ಎರಡು ವರ್ಷದಿಂದ ಹೀಗೆಯೇ, ಯಾರಿಗೂ ತಿಳಿಯದಂತೆ, ಕೇಳುತ್ತ ಬಂದಿದ್ದೆ.

ಸೌದಿಯ ಈ ಖಮೀಸ್ ಮುಶೈತ್ ಊರಿನಲ್ಲಿ ಕಾರಿಲ್ಲದೆ ಆಸ್ಪತ್ರೆಯ ಡ್ಯೂಟಿಗೆ ಹೋಗುವಂತಿಲ್ಲ. ನರ್ಸ್ ಲವೀನಾ ಅಕ್ಕ ಕಾರು ಓಡಿಸುತ್ತಾರೆ. ಲ್ಯಾಬಿನ ನಾನು, ಫಾರ್ಮಸಿಯ ರೆಹಾನಾ ಜೊತೆಗೆ. ಮುಂದೆ ಕೂತವರು ಹಾಡು ಹಾಕಬೇಕೆಂಬುದು ಆ ಕಾರಿನ ಕಾನೂನು. ಆ ಹೆದರಿಕೆಯಿಂದಲೇ ನಾನು ವರ್ಷವಿಡೀ ಹಿಂದೆ ಕೂತವಳು. ಒಂದು ಬೆಳಿಗ್ಗೆ ರೆಹಾನಾ ಮೊಣಕಾಲು ನೋವೆಂದು ಹಿಂದಿನ ಸೀಟಿನಲ್ಲಿ ಕಾಲು ಚಾಚಿದಳು. ನಾನು ಮುಂದೆ ಬಂದೆ. ಗಾಬರಿಯಲ್ಲಿ ಬೆರಳು ಆ ಹಾಡನ್ನೇ ಒತ್ತಿತು. ಗಿಟಾರು ಗುಡುಗಿತು, ಗಾಯಕ ಅರಚಿದ.

“ಎಂತ ಮಾರಾಯ್ತಿ ಇದು? ನೀನು ಫ್ರೆಂಚ್ ಕಲಿತವಳಲ್ವಾ, ಅರ್ಥ ಹೇಳು” ಎಂದರು ಲವೀನಾ ಅಕ್ಕ.

ಕಲಿತದ್ದು ನಿಜ. ಅಂಕ ಹೆಚ್ಚು ಸಿಗುತ್ತದೆಂದು ಪದವಿಯಲ್ಲಿ ಫ್ರೆಂಚ್ ತೆಗೆದುಕೊಂಡೆ. ಅಂಕ ಸಿಕ್ಕಿತು, ಭಾಷೆ ಸಿಗಲಿಲ್ಲ. ಲ್ಯಾಬಿನಲ್ಲಿ ಒಂದು ದಶಮಾಂಶಕ್ಕೂ ಮರುಪರೀಕ್ಷೆ ಮಾಡುವ ನಾನು, ಮರ್ಯಾದೆ ಉಳಿಸಿಕೊಳ್ಳಲು, “ಅಮ್ಮನ ನೆನಪಿನ ಹಾಡು” ಎಂದುಬಿಟ್ಟೆ.

“ಅಮ್ಮನ ನೆನಪಿಗೆ ಇಷ್ಟು ಬೊಬ್ಬೆ ಎಂತಕ್ಕೆ?” ಎಂದಳು ರೆಹಾನಾ.

“ದೂರ ಇದ್ದಾರಲ್ಲ, ಕೇಳಿಸಬೇಕಲ್ಲ” ಎಂದೆ ನಾನು.

ಲವೀನಾ ಅಕ್ಕ ಕಣ್ಣೊರೆಸಿಕೊಂಡರು. ಕಾರು ನಿಲ್ಲಿಸಿದವರೇ ಊರಿಗೆ, ಶಿರ್ವದಲ್ಲಿರುವ ತಮ್ಮ ಅಮ್ಮನಿಗೆ ಫೋನು ಮಾಡಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ಅದೇ ಹಾಡು, ಅದೇ ಫೋನು.

ಎರಡು ವಾರದ ಮೇಲೆ ಟ್ಯುನೀಸಿಯಾದ ಡಾಕ್ಟರ್ ಸಲ್ಮಾ ಅವರ ಕಾರು ಗ್ಯಾರೇಜು ಸೇರಿ, ಅವರು ನಮ್ಮ ಕಾರು ಹತ್ತಿದರು. ಅವರಿಗೆ ಫ್ರೆಂಚ್ ನೀರು ಕುಡಿದಷ್ಟು ಸುಲಭ. ಲವೀನಾ ಅಕ್ಕ ಹೆಮ್ಮೆಯಿಂದ ನನ್ನ ಅನುವಾದವನ್ನು ಇಂಗ್ಲಿಷಿನಲ್ಲಿ ಅವರಿಗೆ ಒಪ್ಪಿಸಿದರು. ನಾನು ಕಿಟಕಿಯಾಚೆಯ ಬೆಟ್ಟಗಳನ್ನು ಎಣಿಸತೊಡಗಿದೆ. ಡಾಕ್ಟರು ಹಾಡನ್ನು ಪೂರ್ತಿ ಕೇಳಿ, “ಹೌದು, ಅಮ್ಮ. ಬಹಳ ದುಃಖ” ಎಂದರು. ಆಮೇಲೆ ಆಸ್ಪತ್ರೆಯ ಮೆಟ್ಟಿಲಲ್ಲಿ ನನ್ನ ಮೊಣಕೈ ಹಿಡಿದು ನಿಲ್ಲಿಸಿದರು. ಹಾಡಿನಲ್ಲಿ ಆ ಗಾಯಕ ಸ್ನಾನಕ್ಕೆ ಬಿಸಿನೀರು ಬಿಡದ ಮನೆ ಮಾಲೀಕನನ್ನು ಬೈಯುತ್ತಿದ್ದಾನಂತೆ.

ಮಾರನೆಯ ದಿನ ನಾನೇ ಮುಂದೆ ಕೂತು ತಪ್ಪೊಪ್ಪಿಕೊಂಡೆ. ರೆಹಾನಾ ನಕ್ಕು ನಕ್ಕು ಮೊಣಕಾಲು ಮರೆತಳು. ಲವೀನಾ ಅಕ್ಕ ಮಾತ್ರ, “ಅವನಿಗೆ ನೀರು ಬರಲಿ ಬಿಡಲಿ, ನನ್ನ ಅಮ್ಮ ದಿನಾ ಈ ಹೊತ್ತಿಗೆ ಫೋನಿಗೆ ಕಾಯ್ತಾರೆ. ಹಾಡು ಹಾಕು” ಎಂದರು.

ಈಗ ಡಾಕ್ಟರೂ ದಿನಾ ನಮ್ಮ ಜೊತೆಗೇ ಬರುತ್ತಾರೆ. ಹೊಸ ಹಾಡುಗಳ ಸರಿಯಾದ ಅರ್ಥವನ್ನು ಅವರೇ ಹೇಳುತ್ತಾರೆ. ಎಲ್ಲವೂ ನಿಖರ, ಒಂದಕ್ಷರ ಆಚೀಚೆ ಇಲ್ಲ. ಆದರೆ ಅವರ ಅನುವಾದದಲ್ಲಿ ಏನೋ ಕಡಿಮೆ ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.